ಬೀದಿಯ ಜನರ ಫೋಟೊಗ್ರಾಫರ್ ಟಿ. ಎಸ್. ಸತ್ಯನ್

ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಯಾರು ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ಒಬ್ಬರೂ ಕೈ ಎತ್ತುವುದಿಲ್ಲ. ಟಿ. ಎಸ್. ಸತ್ಯನ್ ಎಂದರೆ ಲೆಕ್ಚರರ್‌ಗಳಲ್ಲಿ ಒಬ್ಬಿಬ್ಬರು ಎತ್ತಬಹುದು. ಈ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ. ಪತ್ರಿಕೆಗಳಿಗೆ ಫೋಟೊ ತೆಗೆಯುವುದನ್ನೇ ಜೀವನ ಮಾಡಿಕೊಂಡ ಕನ್ನಡಿಗರಲ್ಲಿ ಅವರದು ದೊಡ್ಡ ಹೆಸರು.

ಅವರ ಹೆಸರು ನನಗೆ ಸಿಕ್ಕಿದ್ದು ಒಂದು ಮೊಸಳೆಯಿಂದ. 2015ರಲ್ಲಿ ಆರ್.ಟಿ. ನಗರದ ಹತ್ತಿರ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿದ ದೊಡ್ಡ ಗುಂಡಿ ಇತ್ತು. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಅದರಲ್ಲಿ ಮೊಸಳೆಯ ಪ್ರತಿಮೆ ಇಟ್ಟರು. ನನ್ನ ಖಾಲಾ ಮನೆ ಅಲ್ಲೇ ಇರುವುದರಿಂದ ಈ ಕಥೆಯನ್ನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಮೊಸಳೆ ಈಗ ಇಲ್ಲ, ಅದರ ಫೋಟೊ ಮಾತ್ರ ಉಳಿದಿದೆ. ಬೀದಿಯ ಕಲೆ ಎಲ್ಲಾ ಹಾಗೆಯೇ, ಮಳೆಗೋ ಸುಣ್ಣಕ್ಕೋ ಹೋಗುತ್ತದೆ. ಇದನ್ನು ಕನ್ನಡ ಮೇಡಂಗೆ ಹೇಳಿದಾಗ ಅವರು, ಬೀದಿಯನ್ನು ಉಳಿಸಿದ ಇನ್ನೊಬ್ಬ ಮೈಸೂರಿನವರಿದ್ದಾರೆ ಎಂದು ಸತ್ಯನ್ ಅವರ ಚಿತ್ರಗಳನ್ನು ತೋರಿಸಿದರು.

ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಬನುಮಯ್ಯ ಹೈಸ್ಕೂಲು, ನಂತರ ಮಹಾರಾಜಾ ಕಾಲೇಜು. 1944ರಲ್ಲಿ ಬಿ.ಎ. ಮುಗಿಸಿದರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಶುರುವಾದಾಗ ಅಲ್ಲಿ ಸೇರಿದರು. ಆಮೇಲೆ ಮುಂಬೈಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲಸ ಮಾಡಿದರು.

ಇಲ್ಲಿಯವರೆಗೆ ಸರಿ. ಇನ್ನು ಮುಂದಿನದೇ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಭಾಗ. ಅವರು ಸಂಬಳದ ಕೆಲಸ ಬಿಟ್ಟು ಸ್ವತಂತ್ರವಾಗಿ ದುಡಿಯಲು ಹೊರಟರು. ನಾನು ಕಾಮರ್ಸ್ ವಿದ್ಯಾರ್ಥಿನಿಯಾದ್ದರಿಂದ ಮೊದಲು ಲೆಕ್ಕವನ್ನೇ ಯೋಚಿಸಿದೆ. ಆಗಿನ ದೊಡ್ಡ ಫಿಲ್ಮಿನ ಕ್ಯಾಮೆರಾಗಳಲ್ಲಿ ಒಂದು ರೋಲಿಗೆ ಸಾಮಾನ್ಯವಾಗಿ 12 ಚಿತ್ರ, ಚಿಕ್ಕ ಫಿಲ್ಮಿನಲ್ಲಿ 36. ಫಿಲ್ಮಿಗೆ ದುಡ್ಡು, ತೊಳೆಯಲು ದುಡ್ಡು, ಪ್ರಿಂಟಿಗೆ ದುಡ್ಡು, ಊರಿಂದೂರಿಗೆ ರೈಲು ಚಾರ್ಜು. ಖರ್ಚು ಮೊದಲು, ಆದಾಯ ಆಮೇಲೆ, ಅದೂ ಸಂಪಾದಕರು ಚಿತ್ರ ಒಪ್ಪಿದರೆ. ನಾನು ಅಮ್ಮಿಯ ಮೊಬೈಲಿನಲ್ಲಿ ಒಂದೇ ಬಸ್ಸಿನ 40 ಫೋಟೊ ತೆಗೆದು 39 ಅಳಿಸುತ್ತೇನೆ. ಅವರಿಗೆ ಅಳಿಸುವ ಸೌಕರ್ಯ ಇರಲಿಲ್ಲ, ಗುಂಡಿ ಒತ್ತುವ ಮೊದಲೇ ತೀರ್ಮಾನ ಮಾಡಬೇಕಿತ್ತು.

ಆ ಲೆಕ್ಕ ಕೊನೆಗೂ ಕೂಡಿ ಬಂತು. ಅಮೆರಿಕದ ಲೈಫ್ ಪತ್ರಿಕೆಗೆ ಅವರು ಚಿತ್ರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ, ಆಗ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು.

ಆದರೆ ನನಗೆ ಇಷ್ಟವಾದದ್ದು ಪ್ರಶಸ್ತಿಗಳಲ್ಲ. ಅವರು ಆರ್. ಕೆ. ನಾರಾಯಣ್ ಅವರಂಥ ದೊಡ್ಡವರ ಚಿತ್ರವನ್ನೂ ತೆಗೆದಿದ್ದಾರೆ, ಆದರೆ ಹೆಚ್ಚು ನೋಡಿದ್ದು ಹೆಸರಿಲ್ಲದ ಜನರನ್ನು. ಮಕ್ಕಳು, ಕೆಲಸ ಮಾಡುವ ಹೆಂಗಸರು, ದಾರಿಹೋಕರು. ಹೆಚ್ಚಿನವು ಕಪ್ಪು-ಬಿಳುಪು. ಅವರು ಬಡವರನ್ನು ಪಾಪ ಅನ್ನಿಸುವಂತೆ ತೋರಿಸುವುದಿಲ್ಲ. ಚಿತ್ರದಲ್ಲಿರುವವರು ಹೆದರಿಲ್ಲ, ಮುಖ ತಿರುಗಿಸಿಲ್ಲ. ಅಂದರೆ ಆ ಮನುಷ್ಯ ಅವರ ಹತ್ತಿರ ನಿಂತಿದ್ದಾಗ ಅವರಿಗೆ ಕಸಿವಿಸಿ ಆಗಿಲ್ಲ ಎಂದು ನಾನು ತಿಳಿದುಕೊಂಡೆ.

ಇದು ಎಷ್ಟು ಕಷ್ಟ ಎಂದು ಗೊತ್ತಾದದ್ದು ನಾನೇ ಗೊರಗುಂಟೆಪಾಳ್ಯದಲ್ಲಿ ನಿಂತಾಗ. ನಮ್ಮ ಸರ್ಕಲ್ ನಿಮಗೆ ಗೊತ್ತಿದೆ. ಮೇಲೆ ಫ್ಲೈಓವರ್, ಪಕ್ಕದಲ್ಲಿ ಮೆಟ್ರೊ, ಕೆಳಗೆ ತುಮಕೂರು ಕಡೆಯ ಬಸ್ಸಿಗೆ ಕಾಯುವ ಜನ, ಅವರ ನಡುವೆ ಗಾರ್ಮೆಂಟ್ಸ್‌ಗೆ ಓಡುವ ಹೆಂಗಸರು. ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಅಲ್ಲಿ ಹತ್ತು ನಿಮಿಷ ನಿಂತರೆ ಎಲ್ಲರೂ ಅವಳನ್ನೇ ನೋಡುತ್ತಾರೆ. ಕೇಳದೆ ತೆಗೆದರೆ ಕದ್ದ ಹಾಗೆ. ಕೇಳಿದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾರೆ, ಚಿತ್ರ ಪಾಸ್‌ಪೋರ್ಟ್ ಫೋಟೊ ಆಗುತ್ತದೆ. ನಾಲ್ಕು ದಿನ ಒಂದೇ ಹೊತ್ತಿಗೆ ಹೋದೆ. ಐದನೆಯ ದಿನ ಹೂ ಮಾರುವ ಅಜ್ಜಿಯೇ ಕರೆದು, ಕಾಲೇಜಿಗೆ ಹೋಗಲ್ವೇನವ್ವ ಅಂತ ಕೇಳಿದರು. ಆಮೇಲೆ ಮಾತಾಡುತ್ತಲೇ ಹೂ ಕಟ್ಟುತ್ತಿದ್ದರು, ನಾನು ಹೇಳಿಯೇ ತೆಗೆದೆ. ಅದೊಂದು ಚಿತ್ರ ಚೆನ್ನಾಗಿ ಬಂದಿದೆ.

ಅಬ್ಬಾ ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾರೆ. ಪಿಯು ಆದ ಮೇಲೆ ನಾನು ಬಿ.ಕಾಂ. ಸೇರಬೇಕು ಎನ್ನುವುದು ಅವರ ಆಸೆ. ನನಗೆ ಫೋಟೊಗ್ರಫಿ ಕಲಿಯುವ ಆಸೆ. ಸತ್ಯನ್ ಅವರ ಕಥೆ ಪೂರ್ತಿ ಹೇಳಿದೆ. ಅವರ ಹತ್ತಿರ ಮೊದಲು ಡಿಗ್ರಿ ಇತ್ತಲ್ಲವಾ ಎಂದು ಅಬ್ಬಾ ಕೇಳಿದರು. ಅದಕ್ಕೆ ನನ್ನ ಬಳಿ ಇನ್ನೂ ಉತ್ತರ ಇಲ್ಲ. ಆದರೆ ಅಜ್ಜಿಯ ಫೋಟೊವನ್ನು ಅವರು ತುಂಬಾ ಹೊತ್ತು ನೋಡಿದರು, ಆಮೇಲೆ ತಮ್ಮ ಮೆಷಿನ್ನಿನ ಹತ್ತಿರ ಬೆಳಕು ಕಡಿಮೆ, ಬರುವುದಾದರೆ ಬೆಳಗ್ಗೆ ಬಾ ಎಂದರು.

ಸತ್ಯನ್ ತಮ್ಮ ಜೀವನವನ್ನು 2005ರಲ್ಲಿ ‘ಅಲೈವ್ ಅಂಡ್ ಕ್ಲಿಕ್ಕಿಂಗ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಬರೆದರು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲೇ ತೀರಿಕೊಂಡರು. 86 ತುಂಬಲು ಐದು ದಿನ ಉಳಿದಿತ್ತು. ಆ ಪುಸ್ತಕ ನಮ್ಮ ಲೈಬ್ರರಿಯಲ್ಲಿಲ್ಲ. ತರಿಸಿಕೊಡಿ ಎಂದು ಲೈಬ್ರರಿಯನ್ ಸರ್‌ಗೆ ಅರ್ಜಿ ಕೊಟ್ಟಿದ್ದೇನೆ, ಇನ್ನೂ ನಾಲ್ಕೈದು ಜನ ಸಹಿ ಹಾಕಿದರೆ ಬೇಗ ಬರಬಹುದು.