ಮೂರು ರಾಗ, ನೂರು ಸಲ: ಶಿಷ್ಯರ ದನಿಯಲ್ಲಿ ಉಳಿದ ಕುಂದಗೋಳದ ಸವಾಯಿ ಗಂಧರ್ವ

ಡಿಸೆಂಬರ್ ಬಂತೆಂದರೆ ಪುಣೆಯ ಸಂಗೀತಪ್ರಿಯರ ಬಾಯಲ್ಲಿ ಒಂದೇ ಮಾತು, 'ಸವಾಯಿ'. ದೇಶದ ದೊಡ್ಡ ದೊಡ್ಡ ಕಲಾವಿದರು ಹಾಡುವ, ನುಡಿಸುವ ಆ ಮಹೋತ್ಸವಕ್ಕೆ ಮುಂಬೈ, ಬೆಳಗಾವಿ, ಹುಬ್ಬಳ್ಳಿಯಿಂದಲೂ ಕೇಳುಗರು ಹೋಗುತ್ತಾರೆ. ಆದರೆ ಆ ಹೆಸರಿನ ಹಿಂದಿರುವುದು ಧಾರವಾಡ ಜಿಲ್ಲೆಯ ಪುಟ್ಟ ಊರೊಂದರ ಕಾರಕೂನರ ಮಗ ಎನ್ನುವುದು ಅಲ್ಲಿ ಸೇರುವ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕೊನೆಯ 10 ವರ್ಷ ವೇದಿಕೆ ಏರಿ ಹಾಡಲಾಗದೆ ಕಳೆದ ಗಾಯಕನ ಹೆಸರಿನಲ್ಲಿ ಏಳು ದಶಕಗಳಿಂದ ಸಂಗೀತೋತ್ಸವ ನಡೆಯುತ್ತಿದೆ. ಅದಕ್ಕೆ ಕಾರಣ ಅವರು ಹಾಡಿದ್ದು ಮಾತ್ರವಲ್ಲ, ಕಲಿಸಿದ್ದೂ ಹೌದು.

ಕುಂದಗೋಳದಿಂದ ಹುಬ್ಬಳ್ಳಿಗೆ

ಅವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸಂಶಿ. ಹುಟ್ಟಿದ್ದು 1886ರ ಜನವರಿ 19ರಂದು. ಸಂಗೀತ ವಲಯದಲ್ಲಿ ಅವರು ರಾಮಭಾವು ಕುಂದಗೋಳಕರ ಎಂದೇ ಪರಿಚಿತರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ಊರಿನ ನಾಡಗೀರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಆ ಮನೆತನಕ್ಕೆ ಸಂಗೀತದ ಹುಚ್ಚು ಇತ್ತು. ದೊಡ್ಡ ವಾಡೆಗೆ ಗಾಯಕರು ಬಂದು ಹೋಗುತ್ತಿದ್ದರು.

ಹುಡುಗನನ್ನು ಓದಿಗೆಂದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಲಾಯಿತು. ಆದರೆ ಮನಸ್ಸೆಲ್ಲ ಹಾಡಿನ ಕಡೆಗೇ ಇತ್ತು. ಮೊದಲ ಪಾಠ ಸಿಕ್ಕಿದ್ದು ಬಲವಂತರಾವ್ ಕೊಲ್ಹಟಕರ ಅವರಿಂದ. ಅವರ ಹತ್ತಿರ ಧ್ರುಪದ, ತರಾನಾಗಳನ್ನು ಕಲಿಯುತ್ತಿದ್ದಾಗಲೇ, 1898ರಲ್ಲಿ, ಗುರುಗಳು ತೀರಿಕೊಂಡರು. ಆಗ ರಾಮಚಂದ್ರನಿಗೆ 12 ವರ್ಷ. ಕಲಿಕೆ ಅರ್ಧಕ್ಕೇ ನಿಂತಿತು.

ಎಂಟು ವರ್ಷದ ಕರಾರು

ಅದೇ ಕಾಲಕ್ಕೆ ಉತ್ತರದ ಕೈರಾನಾ ಊರಿನಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನ್ ಈ ಭಾಗದಲ್ಲಿ ಹೆಸರು ಮಾಡುತ್ತಿದ್ದರು. ಮುಂದೆ ಮಿರಜದಲ್ಲಿ ನೆಲೆಸಿದ ಅವರು ಮೈಸೂರು ಆಸ್ಥಾನಕ್ಕೂ ಹೋಗಿ ಬರುತ್ತಿದ್ದರು. ಹುಬ್ಬಳ್ಳಿ, ಧಾರವಾಡದ ಕಡೆ ಅವರ ಹಾಡಿಕೆ ಕೇಳದ ರಸಿಕರು ಕಡಿಮೆ. ಒಂದೊಂದು ಸ್ವರವನ್ನೂ ನಿಧಾನವಾಗಿ ಬೆಳೆಸುತ್ತ ಹೋಗುವ ಅವರ ಶೈಲಿಯೇ ಮುಂದೆ ಕಿರಾಣಾ ಘರಾಣೆಯ ಗುರುತಾಯಿತು.

ಆ ದನಿ ಕೇಳಿದ ರಾಮಭಾವು ಕಲಿತರೆ ಇವರ ಹತ್ತಿರವೇ ಕಲಿಯಬೇಕೆಂದು ನಿರ್ಧರಿಸಿದರು. ಖಾನ್ ಸಾಹೇಬರು ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ: ಕನಿಷ್ಠ ಎಂಟು ವರ್ಷ ತಮ್ಮ ಹತ್ತಿರವೇ ಇದ್ದು ಕಲಿಯಬೇಕು.

ಇವತ್ತು ಆರು ತಿಂಗಳ ಇಂಟರ್ನ್‌ಶಿಪ್ ಕೂಡ ಉದ್ದವೆನಿಸುತ್ತದೆ. ಎಂಟು ವರ್ಷವೆಂದರೆ ಸಂಬಳವಿಲ್ಲ, ಸರ್ಟಿಫಿಕೇಟ್ ಇಲ್ಲ, ಕೊನೆಗೆ ಗಾಯಕನಾಗುತ್ತೇನೆಂಬ ಖಾತ್ರಿಯೂ ಇಲ್ಲ. ಗುರು ಹೋದಲ್ಲಿಗೆ ಹೋಗಬೇಕು, ಅವರು ಹಾಡುವಾಗ ಹಿಂದೆ ಕುಳಿತು ತಂಬೂರಿ ಮೀಟಬೇಕು, ಹೇಳಿದ ಪಲ್ಟಾ ಗಂಟಲಿಗೆ ಕೂರುವವರೆಗೂ ತಿರುಗಿಸುತ್ತಿರಬೇಕು. ಕುಂದಗೋಳದ ಬ್ರಾಹ್ಮಣ ಮನೆತನದ ಹುಡುಗ ಮುಸ್ಲಿಂ ಉಸ್ತಾದರ ಶಿಷ್ಯನಾಗಿ ಊರೂರು ತಿರುಗುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಆದರೆ ತಾಲೀಮಿನ ಮುಂದೆ ಅದು ಅಡ್ಡಿಯಾಗಲಿಲ್ಲ.

ದೊಡ್ಡ ಅಡ್ಡಿ ಇದ್ದದ್ದು ಗಂಟಲಲ್ಲೇ. ಹುಟ್ಟಿನಿಂದ ಬಂದ ಸಿಹಿ ಕಂಠವಲ್ಲ ಅವರದು. ದನಿ ಸುಲಭಕ್ಕೆ ಬಾಗುತ್ತಿರಲಿಲ್ಲ. ದೊಡ್ಡ ಗಾಯಕರಾದ ಮೇಲೂ ಕಚೇರಿಯ ಆರಂಭದಲ್ಲಿ ಗಂಟಲು ತೆರೆಯಲು ಸಮಯ ಹಿಡಿಯುತ್ತಿತ್ತು. ಹೊಸಬರು ಇದೇನಿದು ಎಂದುಕೊಳ್ಳುವಷ್ಟರಲ್ಲಿ ಸ್ವರ ಹದಕ್ಕೆ ಬಂದು, ಅಲ್ಲಿಂದ ಮುಂದೆ ಸಭೆಯನ್ನು ಹಿಡಿದಿಡುತ್ತಿತ್ತು. ಒಲಿಯದ ದನಿಯನ್ನು ಸಾಧನೆಯಿಂದ ಪಳಗಿಸಿದ ಈ ಅನುಭವವೇ ಅವರು ಗುರುವಾದಾಗ ಕೈಹಿಡಿಯಿತು.

ನಾಟಕದ ಹಾದಿ, ಗುರುವಿನ ಮುನಿಸು

ತಾಲೀಮು ಮುಗಿದ ಮೇಲೆ ಎದುರಾದದ್ದು ಎಲ್ಲ ಕಲಾವಿದರಿಗೂ ಎದುರಾಗುವ ಪ್ರಶ್ನೆ, ಹೊಟ್ಟೆಪಾಡು. ಬೈಠಕ್‌ಗಳನ್ನೇ ನಂಬಿ ಬದುಕುವುದು ಕಷ್ಟವಿತ್ತು. ಮರಾಠಿ ಸಂಗೀತ ನಾಟಕಗಳಿಗೆ ಅದು ಸುಗ್ಗಿಯ ಕಾಲ. ರಾಮಭಾವು ನಾಟಕ ಕಂಪನಿ ಸೇರಿದರು. ಸ್ತ್ರೀ ಪಾತ್ರಗಳಲ್ಲಿ ಹಾಡಿ ಹೆಸರು ಗಳಿಸಿದರು.

ಖಾನ್ ಸಾಹೇಬರಿಗೆ ಇದು ಹಿಡಿಸಲಿಲ್ಲ ಎನ್ನಲಾಗುತ್ತದೆ. ವರ್ಷಗಟ್ಟಲೆ ಕೂರಿಸಿ ಕಲಿಸಿದ ರಾಗದಾರಿ ನಾಟಕದ ಹಾಡುಗಳಲ್ಲಿ ಕರಗಿ ಹೋಗಬಾರದೆಂಬ ಆತಂಕ ಗುರುವಿಗೆ. ಕಲಿತ ವಿದ್ಯೆಯಿಂದ ಬದುಕು ಕಟ್ಟಿಕೊಳ್ಳಬೇಕಾದ ಅನಿವಾರ್ಯ ಶಿಷ್ಯನಿಗೆ. ಇಬ್ಬರದ್ದೂ ತಪ್ಪೆನ್ನುವಂತಿರಲಿಲ್ಲ.

ರಂಗಭೂಮಿ ಅವರಿಗೆ ಹಣಕ್ಕಿಂತ ಹೆಚ್ಚಾಗಿ ಒಂದು ಹೆಸರು ಕೊಟ್ಟಿತು. ಆಗ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಹಾಡಿಕೆಗೆ ಸಾಟಿಯಿಲ್ಲ ಎನ್ನುವ ಮಾತಿತ್ತು. ಸವಾಯಿ ಎಂದರೆ ಒಂದೂಕಾಲು, ಅಂದರೆ ಒಂದಕ್ಕಿಂತ ಕಾಲು ಪಾಲು ಹೆಚ್ಚು. ಈತ ಗಂಧರ್ವನಿಗಿಂತ ಒಂದು ಕೈ ಮೇಲು ಎಂಬ ಅಭಿಮಾನದಲ್ಲಿ ಸಿಕ್ಕ ಆ ಬಿರುದೇ ಮುಂದೆ ಅವರ ಹೆಸರಾಯಿತು.

ಆದರೆ ಅವರು ನಾಟಕದಲ್ಲೇ ಉಳಿಯಲಿಲ್ಲ. ಮತ್ತೆ ಕಚೇರಿಗಳಿಗೆ ಮರಳಿ ದೇಶದ ಪ್ರಮುಖ ಖಯಾಲ್ ಗಾಯಕರ ಸಾಲಿಗೆ ಸೇರಿದರು. ಗ್ರಾಮೊಫೋನ್ ತಟ್ಟೆಗಳಲ್ಲೂ ಅವರ ದನಿ ಮುದ್ರಣವಾಯಿತು. ಅವರ ಗುರು ಅಬ್ದುಲ್ ಕರೀಂ ಖಾನ್ 1937ರಲ್ಲಿ, ತಮಿಳುನಾಡಿನ ಪ್ರವಾಸದಲ್ಲಿದ್ದಾಗ, ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು.

ಊರೂರು ಅಲೆದು ಮನೆ ಹತ್ತಿರಕ್ಕೇ ಬಂದ ಶಿಷ್ಯ

1930ರ ದಶಕದಲ್ಲಿ ಸವಾಯಿ ಗಂಧರ್ವರ ಕುಂದಗೋಳದ ಮನೆ ಪಾಠಶಾಲೆಯಾಯಿತು. ಫಲಕವಿಲ್ಲ, ವೇಳಾಪಟ್ಟಿಯಿಲ್ಲ. ಅಲ್ಲಿಗೆ ಬಂದವರಲ್ಲಿ ಒಬ್ಬ ಗದಗಿನ ಶಾಲಾ ಮಾಸ್ತರರ ಮಗ, ಭೀಮಸೇನ ಜೋಶಿ.

ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹಾಡುವ ಹುಚ್ಚು ಹತ್ತಿಸಿಕೊಂಡಿದ್ದ ಭೀಮಸೇನ 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟಿದ್ದ. ಗ್ವಾಲಿಯರ್, ದೆಹಲಿ, ಕೋಲ್ಕತ್ತ ಎಲ್ಲ ಅಲೆದು ಜಲಂಧರ್ ತಲುಪಿದ. ಅಲ್ಲಿ ಸಿಕ್ಕ ಹಿರಿಯ ಗಾಯಕ ವಿನಾಯಕರಾವ್ ಪಟವರ್ಧನ್, ನಿನ್ನ ಊರಿನ ಹತ್ತಿರದಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಯಾಕೆ ಬಂದೆ ಎಂಬರ್ಥದ ಬುದ್ಧಿ ಹೇಳಿ ಕಳಿಸಿದರು. 1936ರಲ್ಲಿ ಭೀಮಸೇನ ಕುಂದಗೋಳದ ಮನೆಯ ಶಿಷ್ಯನಾದ.

ಬಂದ ಕೂಡಲೇ ಪಾಠ ಶುರುವಾಗಲಿಲ್ಲ. ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುಗಳು ಇತರರಿಗೆ ಹೇಳಿಕೊಡುವಾಗ ಕಿವಿಗೊಡುವುದು, ಆರಂಭದ ದಿನಗಳು ಕಳೆದದ್ದು ಹೀಗೆ. ಇಂದಿನ ಕಣ್ಣಿಗೆ ಇದು ಶೋಷಣೆಯಂತೆ ಕಂಡರೆ ಅಚ್ಚರಿಯಿಲ್ಲ. ಗುರುವಿನ ಮನಸ್ಸಿಗೆ ಬಂದಾಗ ಮಾತ್ರ ಪಾಠ ಸಿಗುವ ಆ ಪದ್ಧತಿಯಲ್ಲಿ ಅರ್ಧಕ್ಕೇ ಬಿಟ್ಟು ಹೋದವರಿಗೆ ಲೆಕ್ಕವಿಲ್ಲ. ಆದರೆ ಮನೆಬಿಟ್ಟು ಓಡಿಬಂದ ಹುಡುಗ ಇಲ್ಲಿಯಾದರೂ ನಿಲ್ಲುತ್ತಾನೆಯೇ ಎಂಬುದು ಗುರುವಿಗೆ ತಿಳಿಯಬೇಕಿತ್ತು. ಎಂಟು ವರ್ಷದ ಕರಾರಿಗೆ ತಾವೇ ಒಳಪಟ್ಟಿದ್ದವರಿಗೆ ತಾಳ್ಮೆಯೂ ವಿದ್ಯೆಯ ಭಾಗವೇ ಆಗಿತ್ತು.

ಪಾಠ ಶುರುವಾದಾಗ ಸಿಕ್ಕಿದ್ದು ನೂರಾರು ರಾಗಗಳಲ್ಲ. ಮುಖ್ಯವಾಗಿ ಮೂರು: ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಇದರ ಹಿಂದೊಂದು ಲೆಕ್ಕಾಚಾರವಿದೆ. ತೋಡಿ ಮತ್ತು ಮುಲ್ತಾನಿಯಲ್ಲಿ ಬಳಕೆಯಾಗುವ ಸ್ವರಗಳು ಒಂದೇ. ಆದರೆ ಅವುಗಳನ್ನು ಹಿಡಿಯುವ, ನಿಲ್ಲಿಸುವ, ದಾಟುವ ರೀತಿ ಬೇರೆ. ಒಂದೇ ಸ್ವರಗಳಿಂದ ಎರಡು ಬೇರೆ ಮುಖ ಮೂಡಿಸಬೇಕಾದರೆ ಕಿವಿ ಸೂಕ್ಷ್ಮವಾಗಬೇಕು, ಗಂಟಲು ಹಿಡಿತಕ್ಕೆ ಬರಬೇಕು. ಈ ರಾಗಗಳನ್ನು ಅರಗಿಸಿಕೊಂಡವನಿಗೆ ಉಳಿದ ರಾಗಗಳ ದಾರಿ ತಾನಾಗಿ ತೆರೆಯುತ್ತದೆ ಎಂಬುದು ಆ ತಾಲೀಮಿನ ನಂಬಿಕೆ.

ಸಂಜೆಯ ರೈಲಿನ ಶಿಷ್ಯೆ

ಇನ್ನೊಬ್ಬ ಶಿಷ್ಯೆ ಹುಬ್ಬಳ್ಳಿಯಿಂದ ಬರುತ್ತಿದ್ದರು. ಗಂಗೂಬಾಯಿ ಹಾನಗಲ್ ಆಗಲೇ ಹಾಡಿ ಹೆಸರಾಗಿದ್ದರು, ಮನೆ ಮಕ್ಕಳ ಜವಾಬ್ದಾರಿಯೂ ಇತ್ತು. ಆದರೂ 1938ರ ಹೊತ್ತಿಗೆ ಸವಾಯಿ ಗಂಧರ್ವರಲ್ಲಿ ಕ್ರಮವಾದ ತಾಲೀಮು ಆರಂಭಿಸಿ ಮತ್ತೆ ವಿದ್ಯಾರ್ಥಿನಿಯಾದರು. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿಲೋಮೀಟರ್. ರೈಲು ಹತ್ತಿ ಬಂದು, ಪಾಠ ಮುಗಿಸಿ, ಮತ್ತೆ ರೈಲಿನಲ್ಲೇ ಹಿಂದಿರುಗಬೇಕು. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲವದು. ದಾರಿಯಲ್ಲಿ ಬರುತ್ತಿದ್ದ ಕುಹಕದ ಮಾತುಗಳನ್ನು ನುಂಗಿಕೊಂಡೇ ಅವರು ಕಲಿತರು.

ಪಾಠ ಮುಗಿದ ಮೇಲೆ ಅವರನ್ನು ರೈಲು ನಿಲ್ದಾಣದವರೆಗೆ ಬಿಟ್ಟುಬರುವ ಕೆಲಸ ಭೀಮಸೇನನದು. ದಾರಿಯುದ್ದಕ್ಕೂ ಆ ದಿನದ ಪಾಠದ ಬಗ್ಗೆ ಅಕ್ಕನನ್ನು ಕೇಳುತ್ತ ಹೋಗುತ್ತಿದ್ದ. ಗುರುವಿನ ಮನೆಯಲ್ಲಿ ಅರ್ಧ ಪಾಠವಾದರೆ, ಇನ್ನರ್ಧ ಸಹಪಾಠಿಯ ಜೊತೆಗಿನ ಆ ನಡಿಗೆಯಲ್ಲಿ.

ಗಂಗೂಬಾಯಿಯವರಿಗೂ ತಾಲೀಮು ಕಠಿಣವೇ. ಹೇಳಿಕೊಟ್ಟ ಒಂದು ತುಣುಕು ಸರಿಯಾಗಿ ಕೂರುವವರೆಗೆ ಮುಂದಿನದು ಸಿಗುತ್ತಿರಲಿಲ್ಲ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠ ಗಂಡುದನಿಯಷ್ಟು ಗಡಸಾದಾಗ ಅನೇಕರು ಅವರ ಹಾಡಿಕೆ ಮುಗಿಯಿತೆಂದುಕೊಂಡಿರಬಹುದು. ಅವರು ಆ ದನಿಯಲ್ಲೇ ಗುರು ಕಲಿಸಿದ ಸ್ವರವಿಸ್ತಾರವನ್ನು ಇನ್ನಷ್ಟು ಗಂಭೀರವಾಗಿ ಹಾಡಿದರು. ಇರುವ ಕಂಠವನ್ನೇ ದುಡಿಸಿಕೊಳ್ಳುವುದು ಹೇಗೆಂದು ಅವರ ಗುರು ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದ್ದರಲ್ಲ.

ನಿಂತ ದನಿ, ಬೆಳೆದ ದನಿಗಳು

1942ರಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ 56 ವರ್ಷ. ಖಯಾಲ್ ಗಾಯಕನಿಗೆ ಅದು ಇನ್ನೂ ಹಾಡುವ ವಯಸ್ಸು. ಆದರೆ ಕಚೇರಿಗಳು ನಿಂತವು. ಅಷ್ಟು ವರ್ಷ ಕಾದು, ದುಡಿದು, ಹದಗೊಳಿಸಿದ ಗಂಟಲು ಮಾತು ಕೇಳದಂತಾಯಿತು.

ನಾಲ್ಕು ವರ್ಷದ ನಂತರ, 1946ರ ಜನವರಿಯಲ್ಲಿ, ಪುಣೆಯಲ್ಲಿ ಅವರ 60ನೇ ಹುಟ್ಟುಹಬ್ಬದ ಸಮಾರಂಭ ನಡೆಯಿತು. ಅಲ್ಲಿ ಹಾಡಿದ 23ರ ಹರೆಯದ ಭೀಮಸೇನ ಜೋಶಿ ಪುಣೆಯ ರಸಿಕರ ಮನಗೆದ್ದರು. ಅವರ ವೃತ್ತಿಬದುಕಿಗೆ ದೊಡ್ಡ ತಿರುವು ಸಿಕ್ಕಿದ್ದು ಆ ಕಚೇರಿಯಿಂದಲೇ. ಗುರು ಹಾಡಲಾಗದ ದಿನಗಳಲ್ಲಿ ಗುರುವಿನ ಸನ್ಮಾನದ ಸಭೆಯೇ ಶಿಷ್ಯನಿಗೆ ವೇದಿಕೆಯಾಯಿತು.

ಈ ಇಬ್ಬರಷ್ಟೇ ಅಲ್ಲ. ಸಿನಿಮಾದಲ್ಲಿ ಬಾಲನಟನಾಗಿದ್ದ ಮುಂಬೈನ ಪಾರ್ಸಿ ಯುವಕ ಫಿರೋಜ್ ದಸ್ತೂರ್ ಸವಾಯಿ ಗಂಧರ್ವರ ಬಳಿ ಕಲಿತು ಕಿರಾಣಾ ಘರಾಣೆಯ ಹಿರಿಯ ಗಾಯಕರಾದರು. ಧಾರವಾಡದ ಬಸವರಾಜ ರಾಜಗುರು ಅವರಿಗೂ ಇಲ್ಲಿಂದ ಪಾಠ ಸಿಕ್ಕಿತ್ತು. ಈ ಶಿಷ್ಯರ ಧ್ವನಿಮುದ್ರಿಕೆಗಳನ್ನು ಒಂದರ ನಂತರ ಒಂದು ಕೇಳಿದರೆ ಗಮನಕ್ಕೆ ಬರುವ ಸಂಗತಿಯೊಂದಿದೆ. ಒಬ್ಬರಂತೆ ಇನ್ನೊಬ್ಬರು ಹಾಡುವುದಿಲ್ಲ. ಭೀಮಸೇನರದ್ದು ಮಿಂಚಿನಂಥ ತಾನುಗಳ ಅಬ್ಬರ, ಗಂಗೂಬಾಯಿಯವರದ್ದು ಆಳದ ಗಾಂಭೀರ್ಯ, ದಸ್ತೂರರದ್ದು ಮೃದು ಆಲಾಪ. ಸ್ವರದ ನಿಷ್ಠೆ ಮಾತ್ರ ಮೂವರಲ್ಲೂ ಒಂದೇ. ತಮ್ಮದೇ ನಕಲುಗಳನ್ನು ತಯಾರಿಸುವ ಗುರುಗಳು ಎಲ್ಲ ಕ್ಷೇತ್ರದಲ್ಲೂ ಇದ್ದಾರೆ. ಕುಂದಗೋಳದ ಮೇಷ್ಟ್ರು ತಳಪಾಯ ಹಾಕಿಕೊಟ್ಟರು, ಮನೆಯನ್ನು ಅವರವರೇ ಕಟ್ಟಿಕೊಂಡರು.

ಇಂದಿಗೂ ಸಲ್ಲುವ ಗುರುದಕ್ಷಿಣೆ

1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು. ಮರುವರ್ಷವೇ, 1953ರಲ್ಲಿ, ಅವರ ನೆನಪಿನ ಸಂಗೀತೋತ್ಸವ ಪುಣೆಯಲ್ಲಿ ಆರಂಭವಾಯಿತು. ಅಳಿಯ, ವೈದ್ಯ ನಾನಾಸಾಹೇಬ ದೇಶಪಾಂಡೆ, ಭೀಮಸೇನ ಜೋಶಿ ಮತ್ತು ಆರ್ಯ ಸಂಗೀತ ಪ್ರಸಾರಕ ಮಂಡಳ ಅದಕ್ಕೆ ಹೆಗಲು ಕೊಟ್ಟರು. ಭೀಮಸೇನರು ದಶಕಗಳ ಕಾಲ ಅಲ್ಲಿ ಬರೀ ಗಾಯಕರಾಗಿರಲಿಲ್ಲ. ಕಲಾವಿದರನ್ನು ಕರೆಸುವುದರಿಂದ ಹಿಡಿದು ಉತ್ಸವದ ಜವಾಬ್ದಾರಿ ಅವರ ಮೇಲಿತ್ತು. ನೀರು ಹೊತ್ತು ಕಲಿತ ಶಿಷ್ಯ ಗುರುವಿನ ಹೆಸರನ್ನೂ ಹೊತ್ತರು.

ಗಂಗೂಬಾಯಿ 2002ರಲ್ಲಿ ಪದ್ಮವಿಭೂಷಣರಾದರು. ಭೀಮಸೇನರಿಗೆ 2008ರಲ್ಲಿ ಭಾರತ ರತ್ನ ಘೋಷಣೆಯಾಯಿತು. ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ ಅಗಲಿದರು. ಪುಣೆಯ ಉತ್ಸವಕ್ಕೆ ಈಗ ಗುರು ಶಿಷ್ಯ ಇಬ್ಬರದ್ದೂ ಹೆಸರಿದೆ: ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಅತ್ತ ಕುಂದಗೋಳದ ನಾಡಗೀರ ವಾಡೆಯಲ್ಲೂ ಅವರ ಪುಣ್ಯತಿಥಿಯ ಸಂಗೀತ ಸೇವೆ ನಡೆದುಕೊಂಡು ಬಂದಿದೆ.

ಪುಣೆಯ ಉತ್ಸವದಲ್ಲೊಂದು ಸಂಪ್ರದಾಯವಿದೆ. ಎಲ್ಲ ಕಲಾವಿದರ ಹಾಡಿಕೆ ಮುಗಿದ ಮೇಲೆ ಕೊನೆಗೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆಯ ಭೈರವಿಯನ್ನು ಕೇಳಿಸಲಾಗುತ್ತದೆ. ಕೆಲವೇ ನಿಮಿಷಗಳ ಹಾಡು. ಎಂಟು ವರ್ಷ ಕಾದು ಕಲಿತ ಆ ದನಿ ಕೇಳಿದ ಮೇಲೆಯೇ ಜನ ಮನೆಗೆ ಹೊರಡುತ್ತಾರೆ.