ಮೂಕಚಿತ್ರದಲ್ಲಿ ಮಾತಾದ ಸಂತ ಜೋನ್

ಪ್ರತಿವರ್ಷ ಮೇ 30ರಂದು ಧರ್ಮಸಭೆಯು ಸಂತ ಜೋನ್ ಆಫ್ ಆರ್ಕ್‌ಳನ್ನು ಸ್ಮರಿಸುತ್ತದೆ. ಕುದುರೆಯೇರಿ ಪತಾಕೆ ಹಿಡಿದ ಆಕೆಯ ಚಿತ್ರ ನಮಗೆ ಪರಿಚಿತ. ಆದರೆ ಆಕೆಯನ್ನು ಸುಡುವ ದಾರಿ ತೆರೆದದ್ದು ಒಂದು ಧರ್ಮನ್ಯಾಯಾಲಯವೆಂಬ ಕಹಿ ಸತ್ಯವನ್ನು ನಾವು ಮಕ್ಕಳಿಗೆ ಹೇಳಲು ಹಿಂಜರಿಯುತ್ತೇವೆ. ಹಿಂಜರಿಯಬೇಕಾದ ಕಾರಣವಿಲ್ಲ.

ಜೋನ್ ಸುಮಾರು 1412ರಲ್ಲಿ ಫ್ರಾನ್ಸಿನ ದೋಂರೆಮಿ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದಳು. ಓದುಬರಹ ಬಾರದ ಆಕೆಗೆ ಪ್ರಾರ್ಥನೆಗಳನ್ನು ಕಲಿಸಿದವಳು ತಾಯಿ ಇಸಬೆಲ್. ಹದಿಮೂರರ ವಯಸ್ಸಿನಿಂದ ಸಂತ ಮಿಖೇಲ, ಸಂತ ಕ್ಯಾತರೀನ್ ಹಾಗೂ ಸಂತ ಮಾರ್ಗರೆಟರ ವಾಣಿ ತನಗೆ ಕೇಳಿಸುತ್ತಿದೆಯೆಂದು ಆಕೆ ನಂಬಿದಳು. ಆಂಗ್ಲರ ದಾಳಿಯಿಂದ ನಾಡು ಕಂಗೆಟ್ಟಿದ್ದ ಕಾಲವದು. ಆಕೆಯಿದ್ದ ಸೇನೆ 1429ರ ಮೇ 8ರಂದು ಓರ್ಲಿಯಾನ್ಸ್ ನಗರವನ್ನು ಮುತ್ತಿಗೆಯಿಂದ ಬಿಡಿಸಿತು. ಅದೇ ಜುಲೈ 17ರಂದು ರ‍್ಹೇಮ್ಸ್ ಮಹಾದೇವಾಲಯದಲ್ಲಿ ಏಳನೆಯ ಚಾರ್ಲ್ಸ್ ಪಟ್ಟಾಭಿಷಿಕ್ತನಾದನು.

ಮರುವರ್ಷ ಮೇ 23ರಂದು ಬರ್ಗಂಡಿಯ ಸೈನಿಕರು ಆಕೆಯನ್ನು ಸೆರೆಹಿಡಿದರು. ಹತ್ತು ಸಾವಿರ ಲಿವ್ರ್ ಹಣಕ್ಕೆ ಆಕೆ ಆಂಗ್ಲರ ಪಾಲಾದಳು. ಪಟ್ಟವೇರಿದ ಅರಸನು ಬಿಡಿಸಿಕೊಳ್ಳಲು ಬರಲಿಲ್ಲ. 1431ರಲ್ಲಿ ರೂವಾಂ ನಗರದಲ್ಲಿ ಆಂಗ್ಲಪಕ್ಷಪಾತಿಯಾದ ಧರ್ಮಾಧ್ಯಕ್ಷ ಪಿಯೆರ್ ಕೊಶೋನನ ಮುಂದಾಳತ್ವದಲ್ಲಿ ವಿಚಾರಣೆ ನಡೆಯಿತು. ದೈವಕೃಪೆಯಲ್ಲಿರುವೆಯಾ ಎಂದು ಕೇಳಿದಾಗ, ಹೌದೆಂದರೂ ಇಲ್ಲವೆಂದರೂ ಸಿಕ್ಕಿಬೀಳುವ ಆ ಪ್ರಶ್ನೆಗೆ ಆಕೆ ದೇವರ ಮೇಲೆಯೇ ಭಾರ ಹಾಕಿ ಉತ್ತರಿಸಿದಳು. ಬೆಂಕಿಯ ಭಯದಿಂದ ಒಮ್ಮೆ ಹಿಂದೆ ಸರಿದು ತಪ್ಪೊಪ್ಪಿಗೆಗೆ ಗುರುತು ಹಾಕಿದ್ದೂ ನಿಜ. ಕೆಲವೇ ದಿನಗಳಲ್ಲಿ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳು. ಮೇ 30ರ ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸಿ, ಕಣ್ಣೆದುರು ಎತ್ತಿಹಿಡಿದ ಶಿಲುಬೆಯನ್ನು ನೋಡುತ್ತ, ಯೇಸುನಾಮವನ್ನು ಕೂಗುತ್ತ ಪ್ರಾಣಬಿಟ್ಟಳು. ಆಗ ಆಕೆಗೆ ಸುಮಾರು ಹತ್ತೊಂಬತ್ತು ವರ್ಷ.

ತಾಯಿ ಇಸಬೆಲ್ ಸುಮ್ಮನಿರಲಿಲ್ಲ. 1455ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಿಂತು ಮಗಳಿಗೆ ನ್ಯಾಯ ಬೇಡಿದಳು. ಪೋಪ್ ಮೂರನೆಯ ಕಲಿಸ್ತನ ಅನುಮತಿಯಿಂದ ನಡೆದ ಮರುವಿಚಾರಣೆಯು 1456ರ ಜುಲೈ 7ರಂದು ಹಳೆಯ ತೀರ್ಪನ್ನು ಅಸಿಂಧುವೆಂದು ಸಾರಿತು. 1909ರಲ್ಲಿ ಆಕೆ ಪುನೀತಳೆಂದೂ, 1920ರ ಮೇ 16ರಂದು ಸಂತಳೆಂದೂ ಘೋಷಿತಳಾದಳು. ಆಗ ನಮ್ಮ ಬೆಂಗಳೂರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿ ಸೇವೆ ಸಲ್ಲಿಸುತ್ತಿದ್ದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳಿಗೆ ಆಕೆ ತಾಯ್ನಾಡಿನ ಮಗಳು.

ಈ ವಿಚಾರಣೆಯ ದಾಖಲೆಗಳನ್ನೇ ಆಧರಿಸಿ ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೆಯರ್ 1928ರಲ್ಲಿ ಒಂದು ಮೂಕಚಿತ್ರ ನಿರ್ಮಿಸಿದರು. ಅದರಲ್ಲಿ ಯುದ್ಧವಿಲ್ಲ, ಪಟ್ಟಾಭಿಷೇಕವಿಲ್ಲ. ಪ್ರಶ್ನಿಸುವವರ ಮುಖಗಳು ಮತ್ತು ಜೋನ್ ಪಾತ್ರ ವಹಿಸಿದ ಫಾಲ್ಕೊನೆಟ್ಟಿಯ ಕಣ್ಣೀರು ತುಂಬಿದ ಮುಖ ಮಾತ್ರ. ಪ್ಯಾರಿಸಿನಲ್ಲಿ ಅಂದು ಅದಕ್ಕೆ ಕತ್ತರಿ ಬಿತ್ತು. ಮೂಲ ಪ್ರತಿ ಬೆಂಕಿಗೆ ಆಹುತಿಯಾಯಿತು. ಕಳೆದೇ ಹೋಯಿತೆಂದುಕೊಂಡಿದ್ದ ಆ ಚಿತ್ರದ ಪೂರ್ಣ ಪ್ರತಿಯೊಂದು 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ದೊರೆಯಿತು. 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ 45 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದೂ ಸೇರಿತು.

ಒಮ್ಮೆ ಸುಟ್ಟವಳನ್ನು ಧರ್ಮಸಭೆ ಪೀಠದ ಮೇಲೆ ಗೌರವಿಸಿತು; ತನ್ನ ನ್ಯಾಯಾಧೀಶರ ತಪ್ಪನ್ನು ತಾನೇ ಒಪ್ಪಿಕೊಂಡಿತು. ನಮ್ಮ ವಿಶ್ವಾಸ ಇದರಿಂದ ಕುಗ್ಗಬೇಕಿಲ್ಲ, ಗಟ್ಟಿಯಾಗಬೇಕು. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಾಗಲಿ, ಇನ್ನೆಲ್ಲೇ ಆಗಲಿ, ಸಂಜೆಯ ಜಪಮಾಲೆ ಮುಗಿದ ಮೇಲೆ ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡೋಣ. ಮನೆಯ ಮಗಳು ಅಂತಃಸಾಕ್ಷಿಗೆ ಓಗೊಟ್ಟು ಮಾತನಾಡಿದಾಗ, ಹಿರಿಯರಾದ ನಾವು ಕೊಶೋನನ ಪೀಠದಲ್ಲಿ ಕುಳಿತಿದ್ದೇವೆಯೋ, ಇಸಬೆಲಳ ಪಕ್ಕದಲ್ಲಿ ನಿಂತಿದ್ದೇವೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.