ದಾದಿಯರ ನಾಯಕಿ ಫ್ಲಾರೆನ್ಸ್ ನೈಟಿಂಗೇಲ್

ಮನೆಯಾಗಲಿ, ಮಠವಾಗಲಿ, ಆಸ್ಪತ್ರೆಯಾಗಲಿ ಸುಸೂತ್ರವಾಗಿ ನಡೆಯಬೇಕಾದರೆ ಇಂಥ ಕಾರ್ಯಕ್ಕೆ ಇಂಥವರೇ ಹೊಣೆಯೆಂಬ ನಿರ್ಣಯವು ಮೊದಲು ಆಗಬೇಕು. ಎಲ್ಲರೂ ಒಡೆಯರಾದಲ್ಲಿ ಹೊಣೆಗಾರರು ಒಬ್ಬರೂ ಉಳಿಯರು. ಈ ತತ್ತ್ವವನ್ನು ತನ್ನ ಬಾಳಿನಿಂದಲೇ ತೋರಿಸಿಕೊಟ್ಟವಳು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆ. ರಾತ್ರಿಯ ಹೊತ್ತು ದೀಪ ಹಿಡಿದು ಗಾಯಾಳುಗಳನ್ನು ಸಂತೈಸಿದ ಕರುಣಾಮಯಿಯೆಂದು ಆಕೆಯನ್ನು ಎಲ್ಲರೂ ಬಲ್ಲರು. ಆಕೆಯು ಕಟ್ಟಿದ ವ್ಯವಸ್ಥೆಯನ್ನು ಬಲ್ಲವರು ವಿರಳ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗಳಿಗೆ ಜನಿಸಿದಳು. ಅಂದು ದಾದಿಯ ವೃತ್ತಿಯು ಹೀನವೆಂದು ಎಣಿಸಲ್ಪಟ್ಟಿದ್ದುದರಿಂದ ಮನೆಯವರು ಆಕೆಯ ಬಯಕೆಗೆ ಬಹುಕಾಲ ಅಡ್ಡಿಯಾದರು. ಆದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆಯ ಶಿಕ್ಷಣ ಪಡೆದು, 1853ರಲ್ಲಿ ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು.

ಮರುವರ್ಷ ಕ್ರಿಮಿಯ ಯುದ್ಧದಲ್ಲಿ ಆಂಗ್ಲ ಸೈನಿಕರ ದುರವಸ್ಥೆಯನ್ನು ಕೇಳಿ, ಸಚಿವ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿಯನ್ನು ನವೆಂಬರಿನಲ್ಲಿ ಸೇರಿದಳು. ಅಲ್ಲಿನ ಆಸ್ಪತ್ರೆಯಲ್ಲಿ ಆಹಾರಕ್ಕೊಂದು ಖಾತೆ, ಸಾಮಗ್ರಿಗೊಂದು ಖಾತೆ, ಚಿಕಿತ್ಸೆಗೊಂದು ಖಾತೆ. ಒಬ್ಬರು ಮತ್ತೊಬ್ಬರತ್ತ ಕೈದೋರುವರು. ಉಗ್ರಾಣದಲ್ಲಿದ್ದ ವಸ್ತುವೂ ರೋಗಿಯ ಹಾಸಿಗೆಯನ್ನು ಮುಟ್ಟದು. ವೈದ್ಯರಿಗೋ ಈ ಸ್ತ್ರೀಯರ ಆಗಮನವೇ ರುಚಿಸಲಿಲ್ಲ. ಆಗ ಆಕೆಯು ಕಲಹಕ್ಕೆ ನಿಲ್ಲದೆ, ವೈದ್ಯರು ಕರೆಯುವವರೆಗೆ ಒಬ್ಬ ದಾದಿಯೂ ರೋಗಿಯನ್ನು ಮುಟ್ಟಕೂಡದೆಂದು ವಿಧಿಸಿ, ಎಲ್ಲರನ್ನೂ ಬಟ್ಟೆ ಹೊಲಿಯಲು ತೊಡಗಿಸಿದಳು. ಗಾಯಾಳುಗಳು ತಂಡತಂಡವಾಗಿ ಬಂದು ಬಿದ್ದಾಗ ವೈದ್ಯರೇ ಕರೆದರು. ಪರರ ಅಧಿಕಾರವನ್ನು ಮನ್ನಿಸಿದವಳೇ ತನ್ನ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಡಿಸೆಂಬರಿನಲ್ಲಿ ತನ್ನನ್ನು ಕೇಳದೆಯೇ ಮತ್ತೊಂದು ತಂಡವನ್ನು ಕಳುಹಿಸಿದಾಗ, ಹೊಣೆಯನ್ನೇ ತ್ಯಜಿಸುವೆನೆಂದು ಹರ್ಬರ್ಟನಿಗೆ ಬರೆದಳು.

ಆದರೆ ಕೇವಲ ಶುಶ್ರೂಷೆಯಿಂದ ಮರಣವು ನಿಲ್ಲಲಿಲ್ಲ. 1855ರ ಫೆಬ್ರುವರಿಯಲ್ಲಿ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಮಡಿದರು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಚರಂಡಿಗಳನ್ನು ಶುದ್ಧಿಗೊಳಿಸಿ ಗಾಳಿಯಾಡುವಂತೆ ಮಾಡಿದ ಮೇಲೆ, ಜೂನಿನಲ್ಲಿ ಅದು ಸುಮಾರು ಎರಡಕ್ಕೆ ಇಳಿಯಿತು. ನೈರ್ಮಲ್ಯಕ್ಕೆ ಹೊಣೆಗಾರನಿಲ್ಲದುದರ ಬೆಲೆಯನ್ನು ಸೈನಿಕರು ಪ್ರಾಣದಿಂದ ತೆತ್ತಿದ್ದರು.

ಆಕೆಯು ಕ್ರಿಮಿಯಕ್ಕೆ ಹೋದಾಗ, ನಿಯುಕ್ತಿಪತ್ರದಲ್ಲಿ ತುರ್ಕಿಯ ಹೆಸರು ಮಾತ್ರ ಇದೆಯೆಂದು ಅಲ್ಲಿನ ಮುಖ್ಯವೈದ್ಯಾಧಿಕಾರಿ ಜಾನ್ ಹಾಲ್ ತಕರಾರು ತೆಗೆದನು. ಸೇನೆಯ ಎಲ್ಲ ಆಸ್ಪತ್ರೆಗಳ ದಾದಿಯರೂ ಆಕೆಯ ಅಧೀನರೆಂಬ ಆಜ್ಞೆಯು ಹೊರಟದ್ದು 1856ರ ಮಾರ್ಚ್ 16ರಂದು. ಅದೇ ತಿಂಗಳ 30ಕ್ಕೆ ಸಂಧಿಯಾಗಿ ಯುದ್ಧವೇ ಮುಗಿಯಿತು!

ಈ ಕಹಿಯಿಂದಲೇ ಆಕೆಯು ವ್ಯವಸ್ಥೆಯನ್ನು ರೂಪಿಸಿದಳು. ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಆರಂಭವಾಯಿತು. ಚಿಕಿತ್ಸೆಯಲ್ಲಿ ವೈದ್ಯನ ಮಾತೇ ಪ್ರಮಾಣ. ದಾದಿಯರ ನಡತೆ, ಶಿಸ್ತುಗಳಲ್ಲಿ ಮೇಟ್ರನ್ ಎಂಬ ಮುಖ್ಯಸ್ಥೆಯದೇ ಅಧಿಕಾರ. ಪ್ರತಿಯೊಬ್ಬಳ ಗುಣ, ಕೌಶಲಗಳ ವಿವರವು ಮಾಸ ಮಾಸಕ್ಕೂ ದಾಖಲೆಯಾಗತಕ್ಕದ್ದು.

ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿಯೂ ಆಕೆಯು ಶುಶ್ರೂಷೆಯ ಕುರಿತು ಗ್ರಂಥವೊಂದನ್ನು ಬರೆದಳು. ತಾನಿದ್ದಾಗ ನಡೆಯುವ ಕಾರ್ಯವು ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವುದೇ ಯಜಮಾನಿಕೆ ಎಂಬುದು ಅದರ ಒಂದು ಅಧ್ಯಾಯದ ಸಾರ. ನಾನಿಲ್ಲದಿದ್ದರೆ ಏನೂ ಸಾಗದೆಂದು ಹೆಮ್ಮೆಪಡುವವರ ಹೆಮ್ಮೆಯು ಹುಸಿಯೆಂದೂ, ಯಾರು ಬಂದರೂ ತಿಳಿದು ನಡೆಸಬಲ್ಲ ಪದ್ಧತಿಯನ್ನು ಇರಿಸುವುದೇ ನಿಜವಾದ ಹಿರಿಮೆಯೆಂದೂ ಆಕೆಯು ಬಗೆದಳು. ಕೀಲಿಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸಂಸಾರ ನಡೆಸುವ ಗೃಹಸ್ಥರು ಇದನ್ನು ಮನನಮಾಡುವುದು ಲೇಸು.

1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ಆಕೆಯು ಲಂಡನ್ನಿನಲ್ಲಿ ದೇಹವನ್ನಿಳಿಸಿದಳು. ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಯ ಗೌರವವು ಒದಗಿಬಂದರೂ ಬಂಧುಗಳು ಅದನ್ನು ಒಲ್ಲದೆ, ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣುಮಾಡಿದರು. ಕಲ್ಲಿನ ಮೇಲೆ ಆಕೆಯ ಪೂರ್ಣ ನಾಮವಿಲ್ಲ. ಮೊದಲಕ್ಷರಗಳೂ ಜನನ ಮರಣಗಳ ಕಾಲವೂ ಮಾತ್ರ. ಆಕೆಯು ಹಾಕಿಕೊಟ್ಟ ಪದ್ಧತಿಯಾದರೋ ಆಕೆಯಿಲ್ಲದೆಯೂ ನಡೆಯಿತು.